ಖಾಲಿ ಸೀಸೆ

ಬೆಂಗಳೂರು ಮಿಂದದ್ದು, ಬಟ್ಟೆ ಒಗೆದದ್ದು, ಪಾತ್ರೆ ತೊಳೆದದ್ದು
ಶುದ್ಧಿಯಾಗಿ, ಪೈಪು ಹಿಡಿದು, ದಿಬ್ಬ ಹತ್ತಿ
ಶಿಡ್ಲಘಟ್ಟದ ಕಡೆಯ ಕೆರೆಗೆ ಬಂದು ಬೀಳುತ್ತದೆ.
ಶುದ್ಧಿಯಾದ ಮೇಲೂ ಏನು ಉಳಿದಿದೆ,
ಉಳಿದದ್ದನ್ನು ಹೇಗೆ ತೆಗೆಯುವುದು,
ನಮ್ಮ ಬಾಡಿಗೆ ಕೋಣೆಯ ಕಸುಬು ಇಷ್ಟೇ.

ಸೂಕ್ಷ್ಮದರ್ಶಕ ಹಳೆಯದು. ಕಣ್ಣು ಖುತೇಜಾಬಿಯದು.
ಮೂವತ್ತು ವರ್ಷ ಬಿಚ್ಚಾಣಿಕೆಯ ಬಾನಿಯ ಮುಂದೆ ಕೂತು
ಕುದಿನೀರಲ್ಲಿ ಕುಣಿಯುವ ಗೂಡಿನ
ಎಳೆಯ ತುದಿಯನ್ನು ಬೆರಳಲ್ಲೇ ಹಿಡಿದವಳು.
ಬೆರಳ ತುದಿ ಇನ್ನೂ
ಹಿತುಕಿದ ಅವರೆಬೇಳೆಯ ಹಾಗೆ ಬಿಳುಚಿಕೊಂಡಿದೆ.

ನನಗೆ ಬರೀ ಧೂಳು. ಅವಳಿಗೆ,
"ನೋಡು, ಇದು ಗೊಬ್ಬರದ ಚೀಲ.
ಇದು ಯಾವುದೋ ಮಗುವಿನ ಫ್ರಾಕು."
ನಂಬದಿದ್ದರೆ ಸೂಜಿ ಕಾಯಿಸಿ ಮುಟ್ಟಿಸುತ್ತಾಳೆ.
ರೇಷ್ಮೆಯಾದರೆ ಸುಟ್ಟ ಕೂದಲ ವಾಸನೆ, ಬೂದಿ.
ಇದು ಮುದುಡುತ್ತದೆ,
ಸುಳ್ಳು ಹೇಳಿ ಸಿಕ್ಕಿಬಿದ್ದವರ ಹಾಗೆ.

ಲೀಟರಿಗೆ ನಲವತ್ತೊಂದು.
ಪಟಿಕ ಕದಡಿ, ಅದು ಮೋಡದಂತೆ ಹೆಪ್ಪುಗಟ್ಟಿ ತಳ ಸೇರಿದ ಮೇಲೆ
ಹದಿನೇಳು.
ನುಗ್ಗೆಬೀಜ ಅರೆದು ಹಾಕಿದ ದಿನ ಹತ್ತೊಂಬತ್ತು
(ಅವತ್ತೆಲ್ಲ ಅವಳಿಗೆ ಬೇಜಾರು, ಬೀಜ ಅವಳ ಹಿತ್ತಲದ್ದು).
ಪಟಿಕ, ಆಮೇಲೆ ಮರಳು, ಆಮೇಲೆ ಇದ್ದಿಲು:
ನಾಲ್ಕು.

ನಾಲ್ಕೇ! ಬೋರ್ಡಿನ ಮೇಲೆ ಬರೆದು ಸುತ್ತ ಗೀಟು ಎಳೆದೆ.
ಆಗ ನೆನಪಾಯಿತು ಖಾಲಿ ಸೀಸೆ.
ಏನೂ ಇರಬಾರದ, ಭಟ್ಟಿ ಇಳಿಸಿದ ನೀರು,
ಕೆರೆಯನ್ನಲ್ಲ, ನಮ್ಮನ್ನೇ ಪರೀಕ್ಷಿಸಲು ಇಟ್ಟದ್ದು.

ಅದರಲ್ಲಿ ಮೂರು. ಗುಲಾಬಿ.

ಅವಳು ತಲೆ ಎತ್ತಲಿಲ್ಲ. ದುಪಟ್ಟದ ಅಂಚು ಎಳೆದು
ದೀಪದಡಿ ಇಟ್ಟಳು.
"ಸಂತೇದು. ನೂರಿಪ್ಪತ್ತು ರೂಪಾಯಿ.
ರೇಷ್ಮೆ ಬಿಚ್ಚಿದ್ದು ಈ ಕೈ, ಸರಿ.
ಹೊದ್ದಿದ್ದು ಯಾವತ್ತು?"

ಮರುದಿನ ಹತ್ತಿಯದು ಹೊದ್ದು ಬಂದಳು, ಮಗಳದ್ದಂತೆ.
ನಾನು ನನ್ನ ಸ್ವೆಟರು ಕಳಚಿ ಹೊರಗಿನ ಮೊಳೆಗೆ ಹಾಕಿದೆ.
ಚಳಿಯಲ್ಲಿ ಇಬ್ಬರೂ ಮತ್ತೆ ಮೊದಲಿಂದ ಎಣಿಸಿದೆವು.

ಸಂಜೆ, ಜಾಡಿಯ ತಳದ ಬೂದು ಕೆಸರನ್ನು ಅಲುಗಿಸಿ ಕೇಳಿದಳು:
"ನೀರಿಂದ ತೆಗೆದೆವು.
ನಮ್ಮ ಕಡೆ, ನೂಲು ಹೋದ ಮೇಲೆ
ಸತ್ತ ಹುಳಕ್ಕೂ ಗಿರಾಕಿ ಇತ್ತು.
ಇದನ್ನ ಯಾರಿಗೆ ಮಾರೋಣ?"

ಜಾಡಿಗೆ ತಾರೀಕು ಬರೆದು ಕಪಾಟಿನಲ್ಲಿಟ್ಟೆ,
ಹಳೆಯ ಹನ್ನೊಂದು ಜಾಡಿಗಳ ಪಕ್ಕ.