ಅರ್ಧ ಲೋಟ ಉಳಿದದ್ದು

ಶನಿವಾರ ಸಂಜೆ ಹುಮನಾಬಾದಿನ ಕಿರಾಣಿಯಲ್ಲಿ
ಪಾವು ಕಿಲೋ ಕರಿ ಒಣದ್ರಾಕ್ಷಿ.
ತೂಗುತ್ತ ಕೇಳುತ್ತಾನೆ ಸಂಗಶೆಟ್ಟಿ:
'ನಾಳಿ ನಿಮ್ದು ಪ್ರಭುಭೋಜನ ಅದ ಏನವ್ವ?'
ತಿಂಗಳ ಮೊದಲ ಭಾನುವಾರ ಅವನಿಗೂ ಬಾಯಿಪಾಠ.
ಒಂದು ಹಿಡಿ ಮೇಲೆ ಸುರಿಯುತ್ತಾನೆ,
ಚೀಟಿಯಲ್ಲಿ ಬರೆಯುವುದಿಲ್ಲ.

ರಾತ್ರಿ ನೆನೆಹಾಕಿ, ನಸುಕಿಗೆ ಕುದಿಸಿ,
ಬಿಳಿ ಅರಿವೆಯಲ್ಲಿ ಹಿಂಡುತ್ತೇನೆ.
ಉಗುರಿಗೆ ಹತ್ತಿದ ಬಣ್ಣ
ಬುಧವಾರದತನಕ ಹೋಗುವುದಿಲ್ಲ.

ಅತ್ತೆ ಸುಗಂಧಮ್ಮ ಒಲೆಯ ಮುಂದೆ ಹೇಳುತ್ತಿದ್ದಳು:
ಸಂತೆಯ ಹೋಟೆಲಿನಲ್ಲಿ ಮಾವನ ಕಪ್ಪು ಬೇರೆ,
ಹಿಡಿ ಮುರಿದದ್ದು, ಸೂರಿನ ಗಳಕ್ಕೆ ಸಿಕ್ಕಿಸಿದ್ದು.
ಕುಡಿದು, ತಾನೇ ತೊಳೆದು,
ಮತ್ತೆ ಅಲ್ಲೇ ಸಿಕ್ಕಿಸಿ ಬರಬೇಕು.
ಅಂಥ ಮಾವನ ಮುಂದೆ ಮೊದಲ ಸಲ
ಪಾದ್ರಿ ತಾನು ತುಟಿಯಿಟ್ಟ ಬಟ್ಟಲನ್ನೇ ಚಾಚಿದ.
ಮಾವ ಮೊಣಕಾಲೂರಿ
ಬೊಗಸೆ ಒಡ್ಡಿದನಂತೆ,
ಮೇಲಿಂದ ಹೊಯ್ಯುತ್ತಾರೆಂದು.

ಪಾದ್ರಿ ಹೊಯ್ಯಲಿಲ್ಲ. ಕಾಯ್ದ.
ಆ ಕೈ ತಾನಾಗಿ ಇಳಿಯುವತನಕ.

ಈಗ ಅರವತ್ತು ಪುಟ್ಟ ಕಪ್ಪುಗಳು,
ಹೆಬ್ಬೆರಳಷ್ಟು, ಪ್ಲಾಸ್ಟಿಕ್ಕಿನವು.
ಜಡ್ಡಿನ ಎರಡು ವರ್ಷ ಬಂದವು, ಉಳಿದುಕೊಂಡವು.
ತಪ್ಪೆನ್ನಲಾರೆ; ಕೆಮ್ಮು ಎಲ್ಲರದೂ ಒಂದೇ.
ಆದರೂ ತಟ್ಟೆಗೆ ಜೋಡಿಸುವಾಗ
ಅರವತ್ತರಲ್ಲೂ ಹಿಡಿ ಹುಡುಕುತ್ತದೆ ಬೆರಳು.

'ರೊಟ್ಟಿ ಒಂದೇ ಆದ್ದರಿಂದ
ಅನೇಕರಾದ ನಾವು ಒಂದೇ ದೇಹ'
ಎಂದು ಪಾದ್ರಿ ಓದಿದಾಗ
ಎಲ್ಲರಿಗಿಂತ ಮೊದಲು ಆಮೆನ್ ಅಂದವಳು ನಾನೇ.

ಮಧ್ಯಾಹ್ನ ಬಂದಳು ಮೋರಿ ಬಳಿಯುವ ತುಕ್ಕಮ್ಮ.
ಬಿಸಿಲಿಗೆ ಅಂಗಳದ ಕೆಂಪುಕಲ್ಲು ಕಾಯ್ದಿತ್ತು.
'ಒಂದೀಟು ನೀರು ಹಾಕವ್ವ.'
ಕೈ ಹೋದದ್ದು ಕಿಟಕಿಯ ಹೊರಗಿನ ಕಟ್ಟೆಗೆ.
ಅಲ್ಲೊಂದು ಸ್ಟೀಲ್ ಲೋಟ ಇರುತ್ತದೆ,
ಬೋರಲು.
ಯಾರು ಇಟ್ಟರು ಎಂದು ಯಾರನ್ನು ಕೇಳಲಿ?
ಈ ಮನೆಯಲ್ಲಿ ಪಾತ್ರೆ ಜೋಡಿಸುವವಳು ನಾನೊಬ್ಬಳೇ.

ಒಳಗೆ ಹೋದೆ.
ಆರಾಧನೆಗೆ ಒಯ್ದು ಮಿಕ್ಕ ದ್ರಾಕ್ಷಿರಸ, ಅರ್ಧ ಲೋಟ,
ನಾನು ಒಂದು ಗುಟುಕು ಕುಡಿದಿಟ್ಟದ್ದು.
ಅದನ್ನೇ ತಂದು ಚಾಚಿದೆ.

ತುಕ್ಕಮ್ಮ ನೋಡಿದಳು, ಲೋಟ, ನನ್ನ ಮುಖ.
ಮೆಲ್ಲಗೆ ಬಗ್ಗಿ ಬೊಗಸೆ ಒಡ್ಡಿದಳು.
'ಮ್ಯಾಲಿಂದೇ ಹೊಯ್ಯವ್ವ, ರೂಢಿ ಅದ.'

ನಿಂತಿದ್ದೇನೆ.
ಲೋಟದ ಅಂಚಿಗೆ ಒಂದು ನೊಣ ಬಂದು ಕೂತಿದೆ.
ಅವಳ ಕೈ ಇಳಿದಿಲ್ಲ.

ಪಾದ್ರಿ ಎಷ್ಟು ಹೊತ್ತು ಕಾಯ್ದಿದ್ದ, ಅತ್ತೆ?
ನೀನಿದ್ದಾಗ
ಅದೊಂದು ಕೇಳಲೇ ಇಲ್ಲ.