ನಲವತ್ತೊಂದನೇ ನಂಬರು

ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ
ಲಾರಿಗಳು ಗಿಯರು ಬದಲಿಸುವ ತಿರುವಿನಲ್ಲಿ
ರಸ್ತೆ ಬಿಟ್ಟು ಒಳಗಿಳಿದರೆ ನಮ್ಮ ಪ್ಲಾಟು.
ನಾನು ಟೇಪು ಹಿಡಿಯುವವ.
ಬರೆಯುವ ಸಾಹೇಬರು ಏಳು ಸಲ ಬದಲಾದರು.

ಜಂಬೆಮರ, ನಂಬರು ನಲವತ್ತೊಂದು.
ನಾನು ಕೆಲಸಕ್ಕೆ ಸೇರಿದಾಗ ಅದಕ್ಕೆ ಮೀಸೆ ಚಿಗುರುವ ಪ್ರಾಯ,
ಮಳೆಗಾಲಕ್ಕೊಂದು ಮೊಳ ಏರುತ್ತಿತ್ತು.
ಆಮೇಲೆ ಗೇಣು.
ಆಮೇಲೆ ನಾಲ್ಕು ಬೆರಳು.
ಆಮೇಲೊಂದು ವರ್ಷ ಸಾಹೇಬರು ಕನ್ನಡಕ ಒರೆಸಿಕೊಂಡು
ಮತ್ತೊಮ್ಮೆ ಕತ್ತೆತ್ತಿ ನೋಡಿ
ಹಳೆಯ ಅಂಕಿಯನ್ನೇ ಬರೆದರು.

ಸೊಂಟ ಮಾತ್ರ ನಿಲ್ಲಲಿಲ್ಲ.
ನಾನೇ ಹೊಡೆದ ತಗಡಿನ ಬಿಲ್ಲೆಯನ್ನು
ತೊಗಟೆ ತುಟಿ ಚಾಚಿ ನುಂಗುತ್ತ ಬಂತು;
ಈಗ ನಾಲ್ಕು ಕಾಣುತ್ತದೆ, ಒಂದು ಒಳಗೆ.

ಮುದಿಯಾಯ್ತು ಬಿಡಿ, ಅಂದೆ.
ನನ್ನ ಮಂಡಿಯೂ ಆಗ ಕಟಕಟ ಅನ್ನತೊಡಗಿತ್ತು.

ಒಪ್ಪದವಳು ನರ್ಸರಿಯ ಬುದ್ವಂತಿ ಗೌಡ.
ಬಸ್ತ್ಯಾಂವ ಸಿದ್ದಿಯ ನಡುವಿಗೆ ಹಗ್ಗ ಕಟ್ಟಿ ಹತ್ತಿಸಿ
ತುದಿಯ ತುದಿಯಿಂದ ಬೆರಳುದ್ದದ ಕಡ್ಡಿ ಮುರಿಸಿ
ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು
ಬಸ್ಸಿನಲ್ಲಿ ಒಯ್ದಳು, ಅದಕ್ಕೆ ಟಿಕೆಟ್ಟಿಲ್ಲದೆ.
ವರ್ಷದ ಸಸಿಯ ಕುತ್ತಿಗೆ ಸೀಳಿ ಕಸಿ ಕಟ್ಟಿದಳು.
ಎರಡು ಮಳೆ ಕಳೆದ ಮೇಲೆ ಕರೆದಳು, ಹೋದೆ.
ಆ ಮುದಿ ಕಡ್ಡಿ ಮೊಳ ಏರಿತ್ತು!
ಚಿಗುರು ಕೆಂಪಗೆ, ಎಳೆಗರುವಿನ ಕಿವಿಯ ಒಳಗಿನ ಹಾಗೆ.

"ಪ್ರಾಯ ಅಲ್ವೋ ಮಾರಾಯಾ, ದೂರ," ಅಂದಳು ಕೊಡ ಇಳಿಸುತ್ತ.
"ಅಷ್ಟು ಮೇಲೆ ನೀರು ಹತ್ತೂದ್ರೊಳಗೆ ಹೊತ್ತು ಮುಳುಗ್ತದೆ.
ಸಿಕ್ಕೂದು ಒಂದು ಗುಟುಕು.
ಅದ್ರಲ್ಲಿ ಬೆಳೀಬೇಕೋ, ಬದುಕ್ಬೇಕೋ?"

ಜಂಬೆಯಿಂದ ಹತ್ತು ಹೆಜ್ಜೆ ಆಚೆ ಐವತ್ತೆಂಟು, ರಾಮಪತ್ರೆ.
ಹೆಬ್ಬೆರಳಿನಷ್ಟು ದಪ್ಪ, ನನ್ನೆದೆಯ ಎತ್ತರ.
ನನ್ನ ಮೊದಲ ಪುಸ್ತಕದಲ್ಲೂ ಎದೆಯ ಎತ್ತರವೇ.
ಮೂವತ್ತು ವರ್ಷ ನೆರಳಲ್ಲಿ
ಬೆಳೆಯದೆ, ಸಾಯದೆ, ನಾಲ್ಕೆಲೆ ಹಿಡಿದು ನಿಂತದ್ದು.
ಮೊನ್ನೆ ಮೊನ್ನೆ, ಅಂದರೆ ಮೂರು ಆಷಾಢದ ಹಿಂದೆ,
ಗಾಳಿಗೆ ಪಕ್ಕದ ಹೊಳೆಗೇರು ಬುಡಮೇಲಾಯಿತು.
ತಟ್ಟೆಯಷ್ಟು ಬಿಸಿಲು ಬಿತ್ತು.
ಈ ಸಲ ತುದಿ ಮುಟ್ಟಲು ನನ್ನ ಕೈ ಸಾಲಲಿಲ್ಲ.

ಹೊಸದಾಗಿ ಬಂದ ಮೇಡಂ ಪೆನ್ನು ಬಿಚ್ಚಿ
"ಇದರ ವಯಸ್ಸೆಷ್ಟು?" ಅಂದರು.
ಬೀಜದಿಂದಲೋ ಬಿಸಿಲಿಂದಲೋ ಎಂದು ಕೇಳುವವನಿದ್ದೆ.
ಅಷ್ಟರಲ್ಲಿ ಮೇಲೆ ಲಾರಿ ಗಿಯರು ಬದಲಿಸಿತು, ಮಾತು ಮುಳುಗಿತು.

ಆ ಖಾನೆ ಸದ್ಯ ಖಾಲಿ ಬಿಡಿ ಮೇಡಂ.
ಸುತ್ತಳತೆ ಹೇಳುತ್ತೇನೆ, ಬರೆದುಕೊಳ್ಳಿ.