ವೈರಿನ ಉದ್ದ

ಒಸಾಕಾ. ನಿಪ್ಪೊನ್‌ಬಾಶಿಯ ಎರಡನೇ ಮಹಡಿ, ನನ್ನ ರಿಪೇರಿ ಮೇಜು.
ಒಂದೇ ಕಂಪನಿಯ ನಾಲ್ಕು ತಲೆಮಾರು ಸಾಲಾಗಿ.

ಮೊದಲನೆಯದಕ್ಕೆ ವೈರು ಗಿಡ್ಡ:
ಅಣ್ಣ ತಮ್ಮ ಮೊಣಕಾಲಿಗೆ ಮೊಣಕಾಲು ತಾಗಿಸಿ
ಕೂರಲೇಬೇಕು, ಗುದ್ದಾಡಲೇಬೇಕು.
ಬರಬರುತ್ತ ವೈರು ಬೆಳೆಯಿತು, ಸೋಫಾ ಮುಟ್ಟಿತು,
ಒಂದು ದಿನ ಇಲ್ಲವೇ ಆಯಿತು.
ಈಗಿನದು ಮಲಗಿದರೂ ಒಂಟಿಗಣ್ಣು ತೆರೆದು
ಅಪ್‌ಡೇಟು ಕಾಯುತ್ತದೆ.

ನಿನ್ನೆ ಮೊರಿಶಿಗೆ ತಂದದ್ದು ಮೊದಲನೆಯದರ ಕಾರ್ಟ್ರಿಜ್ಜು.
"ಬ್ಯಾಟರಿ ಸಾಯ್ತಿದೆ. ಒಳಗೆ ತಮ್ಮನ ಆಟ ನಿಂತಿದೆ,
ಏಳನೇ ಕೋಟೆಯ ಬಾಗಿಲಲ್ಲಿ."
ತಮ್ಮ ಎಲ್ಲಿ? ಕೇಳಲಿಲ್ಲ.

ಹಳೆಯದನ್ನು ಕೀಳುವ ಮೊದಲೇ ಹೊಸದನ್ನು ಪಕ್ಕಕ್ಕೆ ಬೆಸೆದೆ,
ನಿದ್ದೆಯ ಕೂಸನ್ನು ಕಂಕುಳಿಂದ ಕಂಕುಳಿಗೆ ದಾಟಿಸುವ ಹಾಗೆ.
ಪರದೆ ಹೊತ್ತಿತು: ಶುಹೇಯಿ. ಮೂರು ಜೀವ ಬಾಕಿ.

ಮೊರಿಶಿಗೆ ಆಡಲಿಲ್ಲ.
ಎರಡನೇ ಕಂಟ್ರೋಲರಿನ ಸುರುಳಿ ಬಿಡಿಸಿ
ಖಾಲಿ ಕುರ್ಚಿಯ ಕಡೆ ಎಳೆದ.
ವೈರು ಸಾಲಲಿಲ್ಲ.
ಕುರ್ಚಿಯನ್ನೇ ಹತ್ತಿರ ತಂದ.